ಲಿಸ್ಬನ್: ಏರುವಾಗ ಗಾಡಿ, ಇಳಿಯುವಾಗ ಕಾಲು

ಚಿಕ್ಕಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದರು. ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದರಲ್ಲಿ ಮುಗಿಯುತ್ತ ಬಂದ ನೀರಿನ ಬಾಟಲಿ. ‘ಇನ್ನೆಷ್ಟು ಮೆಟ್ಟಿಲು ಇದೆಯೋ?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಫೋನಿನ ನಕ್ಷೆಯಲ್ಲಿ ಸಾವೊ ಜೋರ್ಜ್ ಕೋಟೆ ನಾವು ಹೊರಟ ಪೇಟೆಯಿಂದ ಒಂದು ಕಿಲೊಮೀಟರ್ ಕೂಡ ಇರಲಿಲ್ಲ. ಶಿರಸಿಯ ತೋಟದಲ್ಲಿ ದಿನವೂ ಅದರ ಮೂರರಷ್ಟು ಓಡಾಡುವವರು ಅವರು. ಆದರೆ ಕೋಟೆ ಇರುವುದು ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ. ನಕ್ಷೆ ದೂರ ಹೇಳಿತು, ಏರು ಹೇಳಲಿಲ್ಲ. ಆ ದಿನದ ಉಳಿದ ಹೊತ್ತನ್ನು ಅವರು ಕೋಣೆಯಲ್ಲಿ ಕಾಲಿಗೆ ಮುಲಾಮು ತಿಕ್ಕಿಕೊಂಡು ಕಳೆದರು.

ಆಮೇಲೆ ಎರಡು ಸಲ ಆ ಊರಿಗೆ ಹೋಗಿದ್ದೇನೆ. ಎರಡೂ ಸಲ ಅದೇ ಮೆಟ್ಟಿಲ ಮೇಲೆ ಯಾರಾದರೊಬ್ಬರು ಹಾಗೇ ಕುಳಿತಿದ್ದರು. ಪೋರ್ಚುಗಲ್ಲಿನ ಈ ರಾಜಧಾನಿಗೆ ಏಳು ಗುಡ್ಡಗಳ ಊರೆಂದೇ ಹೆಸರು. ಅದನ್ನು ನೋಡುವ ಕ್ರಮ ಒಂದೇ: ಮೇಲಕ್ಕೆ ಗಾಡಿಯಲ್ಲಿ ಹೋಗಬೇಕು, ಕೆಳಕ್ಕೆ ನಡೆದು ಬರಬೇಕು.

ಹಂತ 1: ಕಾಗದಪತ್ರ, ಕಾಲ

ಪೋರ್ಚುಗಲ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹೋಗುವುದಿದ್ದರೆ ಮೇ ಕೊನೆ ಅಥವಾ ಜೂನ್ ಮೊದಲ ಎರಡು ವಾರ. ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಜಕರಂದಾ ಆಗ ಅಲ್ಲಿ ನೇರಳೆಯಾಗಿ ಅರಳಿರುತ್ತದೆ. ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ, ಓಣಿ ಓಣಿಯಲ್ಲಿ ಹಾಡು, ಕುಣಿತ, ಸುಟ್ಟ ಮೀನಿನ ಹೊಗೆ. ಕಾಮಕಸ್ತೂರಿಯ ಜಾತಿಯ ಪುಟ್ಟ ಗಿಡವನ್ನು ಕುಂಡದಲ್ಲಿಟ್ಟು, ಅದಕ್ಕೊಂದು ಕಾಗದದ ಹೂವು, ಒಂದು ಚುಟುಕ ಸಿಕ್ಕಿಸಿ ಒಬ್ಬರಿಗೊಬ್ಬರು ಕೊಡುತ್ತಾರೆ. ಆಗಸ್ಟ್ ಬೇಡ. ಬಿಸಿಲೂ ಜಾಸ್ತಿ, ಜನವೂ ಜಾಸ್ತಿ.

ಹಂತ 2: ಚಪ್ಪಲಿ, ಪೆಟ್ಟಿಗೆ, ಕೋಣೆ

ಊರಿನ ಕಾಲುದಾರಿಗಳಿಗೆಲ್ಲ ಕೈಯಲ್ಲಿ ಕಡಿದು ಕೂರಿಸಿದ ಬಿಳಿ ಸುಣ್ಣಕಲ್ಲು, ನಡುವೆ ಕಪ್ಪು ಕಲ್ಲಿನ ಚಿತ್ತಾರ. ‘ಕಲ್ಸಾದಾ’ ಎನ್ನುತ್ತಾರೆ. ರೊಸ್ಸಿಯು ಚೌಕದಲ್ಲಿ ಅದನ್ನು ಅಲೆಯ ಹಾಗೆ ಹಾಸಿದ್ದಾರೆ, ನಿಂತು ನೋಡಿದರೆ ನೆಲವೇ ತೂಗಿದಂತೆ ಕಾಣುತ್ತದೆ. ತುಳಿದು ತುಳಿದು ಕಲ್ಲು ಹೊಳಪಾಗಿದೆ. ಮಳೆ ಬಿದ್ದರೆ ಆಷಾಢದಲ್ಲಿ ಪಾಚಿಗಟ್ಟಿದ ನಮ್ಮ ಅಂಗಳದಷ್ಟೇ ಜಾರುತ್ತದೆ. ಅಡಿ ಸವೆದ ಶೂ, ನುಣುಪು ಅಟ್ಟೆಯ ಚಪ್ಪಲಿ ಮನೆಯಲ್ಲೇ ಇರಲಿ. ನಾಲ್ಕು ಚಿಕ್ಕ ಚಕ್ರಗಳ ಹಗುರ ಸೂಟ್‌ಕೇಸೂ ಈ ಕಲ್ಲಿಗೆ ಆಗದು. ಕಲ್ಲಿನ ಸಂದಿಗೆ ಚಕ್ರ ಸಿಕ್ಕಿ ಬುಡಸಮೇತ ಕಿತ್ತುಬರುವುದನ್ನು ಕಣ್ಣಾರೆ ನೋಡಿದ್ದೇನೆ. ಎರಡು ದೊಡ್ಡ ಚಕ್ರದ್ದು ತನ್ನಿ, ಇಲ್ಲವೇ ಬೆನ್ನಿಗೆ ಹಾಕುವ ಚೀಲ.

ಅಲ್ಫಾಮಾ ಎಂಬ ಹಳೆಯ ಕೇರಿಯಲ್ಲಿ ಕೋಣೆ ಹಿಡಿಯಬೇಡಿ. ಚಿತ್ರದಲ್ಲಿ ಚೆಂದ, ಆದರೆ ಕಾರು ಹೋಗದ ಓಣಿ, ಮನೆಯೊಳಗೂ ಕಡಿದಾದ ಮೆಟ್ಟಿಲು. ಬೈಶಾ ಎಂಬ ತಗ್ಗಿನ ಪೇಟೆ ಅಥವಾ ಮೆಟ್ರೊದ ಹಸಿರು ಮಾರ್ಗದ ಅಂಜುಶ್, ಅರೊಯುಶ್ ಕಡೆ ಹಿಡಿಯಿರಿ. ವಿಮಾನ ನಿಲ್ದಾಣದಿಂದಲೇ ಮೆಟ್ರೊದ ಕೆಂಪು ಮಾರ್ಗ ಹೊರಡುತ್ತದೆ. ಅಲಮೇಡಾದಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಸಾಕು.

ಹಂತ 3: ಕಾರ್ಡು

ಎಲ್ಲರೂ ಎಡವುವುದು ಇಲ್ಲಿ. ಮೆಟ್ರೊ ನಿಲ್ದಾಣದ ಯಂತ್ರದಲ್ಲಿ ‘ನವೆಗಾಂತ್’ ಎಂಬ ಕಾಗದದ ಕಾರ್ಡು ಸಿಗುತ್ತದೆ. ಬೆಲೆ ಅರ್ಧ ಯೂರೊ, ಒಂದು ವರ್ಷ ನಡೆಯುತ್ತದೆ. ತಲೆಗೊಂದು ಬೇಕು. ಗಂಡ ಮುಟ್ಟಿಸಿ ಒಳಗೆ ಹೋಗಿ, ಅದೇ ಕಾರ್ಡನ್ನು ಗೇಟಿನ ಮೇಲಿಂದ ಹೆಂಡತಿಗೆ ದಾಟಿಸುವುದು ನಡೆಯದು. ಹೊರಬರುವಾಗಲೂ ಅದನ್ನೇ ಮುಟ್ಟಿಸಬೇಕಾದ್ದರಿಂದ ಯಾವ ಕಾರ್ಡು ಯಾರದು ಎಂದು ಪೆನ್ನಿನಲ್ಲಿ ಬರೆದುಕೊಳ್ಳಿ. ಕ್ರೆಡಿಟ್ ಕಾರ್ಡು ಮುಟ್ಟಿಸಿದರೂ ಮೆಟ್ರೊ ಗೇಟು ತೆರೆಯುತ್ತದೆ, ಆದರೆ ನಮ್ಮ ಬ್ಯಾಂಕುಗಳು ಪ್ರತಿ ಸಲವೂ ವಿದೇಶಿ ವಿನಿಮಯ ಶುಲ್ಕ ಸೇರಿಸುತ್ತವೆ.

ಕಾರ್ಡಿಗೆ ಏನು ತುಂಬಿಸಬೇಕು? ಎರಡು ದಾರಿಗಳಿವೆ. ಒಂದು, 24 ಗಂಟೆಯ ಟಿಕೆಟ್. ಮೆಟ್ರೊ, ಬಸ್ಸು, ಟ್ರಾಮು ಎಷ್ಟು ಸಲ ಬೇಕಾದರೂ ಹತ್ತಬಹುದು. ಲೆಕ್ಕ ಶುರುವಾಗುವುದು ಮೊದಲ ಸಲ ಮುಟ್ಟಿಸಿದ ಗಳಿಗೆಯಿಂದ. ಹಾಗಾಗಿ ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಮರುದಿನ ಮಧ್ಯಾಹ್ನ ಎರಡರವರೆಗೂ ನಿಮ್ಮದೇ. ಇನ್ನೊಂದು, ‘ಜ್ಯಾಪಿಂಗ್’. ದುಡ್ಡು ತುಂಬಿಸಿಡುವುದು, ಹತ್ತಿದ ಹಾಗೆ ಕಳೆಯುತ್ತ ಹೋಗುತ್ತದೆ. ಇದು ದೋಣಿಗೂ ನಡೆಯುತ್ತದೆ, ಬೆಲೆಂ ಮತ್ತು ಸಿಂತ್ರಾ ಕಡೆಯ ರೈಲಿಗೂ ನಡೆಯುತ್ತದೆ. ಮಾಮೂಲಿ 24 ಗಂಟೆಯ ಟಿಕೆಟ್ ಅವೆರಡಕ್ಕೂ ಆಗುವುದಿಲ್ಲ. 24 ಗಂಟೆಯ ಟಿಕೆಟ್, ಜ್ಯಾಪಿಂಗ್ ಎರಡನ್ನೂ ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಇಡಲಾಗುವುದಿಲ್ಲ. ಯಂತ್ರ ಒಪ್ಪದಿದ್ದಾಗ ಜನ ಯಂತ್ರ ಕೆಟ್ಟಿದೆ ಎಂದು ಬೈಯುತ್ತ ಸಾಲಿನಲ್ಲಿ ನಿಂತಿರುತ್ತಾರೆ. ನನ್ನ ಉಪಾಯ: ತಲೆಗೆ ಎರಡು ಕಾರ್ಡು. ಗುಡ್ಡ ಸುತ್ತುವ ದಿನಕ್ಕೆ ಒಂದು, ದೋಣಿ–ರೈಲಿಗೆ ಇನ್ನೊಂದು. ಹೆಚ್ಚುವರಿ ಖರ್ಚು ಅರ್ಧ ಯೂರೊ ಮಾತ್ರ.

ಟ್ರಾಮಿನ ಚಾಲಕನ ಬಳಿ ದುಡ್ಡು ಕೊಟ್ಟು ಟಿಕೆಟ್ ಕೊಂಡರೆ ಹೆಚ್ಚುಕಡಿಮೆ ಎರಡು ಪಟ್ಟು ಬೀಳುತ್ತದೆ. ಬಸ್ ನಿಲ್ದಾಣದಲ್ಲಿ ನಿಂತು ಕೈ ಎತ್ತಿ, ಇಲ್ಲದಿದ್ದರೆ ಬಸ್ಸು ಮುಂದೆ ಹೋಗಿಬಿಡಬಹುದು.

ನಗದು ಬೇಕಿದ್ದರೆ ಬ್ಯಾಂಕಿಗೆ ಅಂಟಿಕೊಂಡಿರುವ, ‘ಎಂಬಿ’ ಎಂದು ಬರೆದಿರುವ ಮಲ್ಟಿಬಾಂಕೊ ಎಟಿಎಂ ಹುಡುಕಿ. ‘ರೂಪಾಯಿಗೆ ಪರಿವರ್ತಿಸಲೇ?’ ಎಂದು ಯಾವ ಯಂತ್ರ ಕೇಳಿದರೂ ಬೇಡ ಅನ್ನಿ, ಯೂರೊದಲ್ಲೇ ಕಳೆಯಲಿ. ಆ ಪರಿವರ್ತನೆಯ ದರ ಯಾವತ್ತೂ ನಮಗೆ ನಷ್ಟದ್ದು.

ಹಂತ 4: ಏರುವುದು

28ನೇ ನಂಬರಿನ ಹಳದಿ ಟ್ರಾಮು ಲಿಸ್ಬನ್ನಿನ ಮುಖವೇ ಆಗಿಬಿಟ್ಟಿದೆ. ಮರದ ಬೆಂಚು, ಹಿತ್ತಾಳೆಯ ಹಿಡಿಕೆ, ಓಣಿ ಎಷ್ಟು ಇಕ್ಕಟ್ಟೆಂದರೆ ಕಿಟಕಿಯಿಂದ ಕೈ ಚಾಚಿದರೆ ಗೋಡೆ ಸಿಗುತ್ತದೆ, ಚಾಚಬಾರದು ಅಷ್ಟೆ. ಎಲ್ಲರೂ ಅದನ್ನು ಮಾರ್ತಿಂ ಮೊನೀಶ್ ಚೌಕದಲ್ಲಿ ಹತ್ತುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಹೋದರೆ ಒಂದು ಗಂಟೆ ಸಾಲು ನಿಲ್ಲಬೇಕಾಗಬಹುದು. ಎಂಟರೊಳಗೆ ಹೋಗಿ. ಇಲ್ಲವೇ ಇನ್ನೊಂದು ತುದಿಯ ಕಾಂಪು ದ ಒರೀಕ್‌ನಲ್ಲಿ ಹತ್ತಿ. ಅಲ್ಲಿ ಸೀಟು ಸಿಗುತ್ತದೆ.

ಕಿಸೆಗಳ್ಳರು ಕೆಲಸ ಮಾಡುವುದು ಟ್ರಾಮಿನ ಒಳಗಿಗಿಂತ ಬಾಗಿಲಲ್ಲಿ. ಹತ್ತುವ ನೂಕಿನಲ್ಲಿ ಮುಂದಿನವರು ಏನನ್ನೋ ಮರೆತವರಂತೆ ಥಟ್ಟನೆ ನಿಲ್ಲುತ್ತಾರೆ, ಹಿಂದಿನವರು ಒತ್ತುತ್ತಾರೆ. ಎರಡು ಮೂರು ಸೆಕೆಂಡ್. ಒಳಗೆ ಕುಳಿತ ಮೇಲೆ ಚಿಕ್ಕಮ್ಮ ಕೈಚೀಲ ನೋಡಿಕೊಂಡರು. ಜಿಪ್ಪು ಪೂರ್ತಿ ತೆರೆದಿತ್ತು. ಮೇಲಿದ್ದದ್ದು ಶಾಲು, ಅಡಿಕೆ ಡಬ್ಬಿ. ಪಾಸ್‌ಪೋರ್ಟು ಕೋಣೆಯಲ್ಲಿ, ದುಡ್ಡು ಒಳಜೇಬಿನಲ್ಲಿ ಇದ್ದದ್ದರಿಂದ ಉಳಿದೆವು. ಚೀಲ ಎದೆಯ ಮೇಲಿರಲಿ. ಬಾಗಿಲಲ್ಲಿ ನೂಕು ಕಂಡರೆ ಆ ಟ್ರಾಮು ಬಿಟ್ಟುಬಿಡಿ, ಇನ್ನೊಂದು ಬರುತ್ತದೆ.

ಟ್ರಾಮಿಲ್ಲದೆ ಏರುವ ದಾರಿಗಳು ನನಗೆ ಇನ್ನೂ ಇಷ್ಟ. ಕೋಟೆಗೆ ಹೋಗುವುದಾದರೆ ಹೀಗೆ ಮಾಡಿ: ಬೈಶಾದ ರುವಾ ದುಶ್ ಫಂಕೆಯ್ರುಶ್ ಬೀದಿಯಲ್ಲಿ ಒಂದು ಮಾಮೂಲಿ ಕಟ್ಟಡದ ಬಾಗಿಲ ಮೇಲೆ ‘ಎಲೆವದೋರ್ ಕಶ್ತೆಲು’ ಎಂದು ಬರೆದಿದೆ. ಮನೆಯ ಬಾಗಿಲೆಂದು ಜನ ದಾಟಿ ಹೋಗುತ್ತಾರೆ. ಅದು ಊರಿನವರಿಗಾಗಿ ಮಾಡಿದ ಲಿಫ್ಟ್, ಪುಕ್ಕಟೆ. ಮೇಲೆ ಹೋದರೆ ಮದಲೇನಾ ಬೀದಿಗೆ ಬರುತ್ತೀರಿ. ಎದುರಿನ ಚಿಕ್ಕ ಚೌಕ ದಾಟಿದರೆ ಹಳೆಯ ಶಾಂವ್ ದು ಲೊರೆಯ್ರು ಮಾರುಕಟ್ಟೆ ಕಟ್ಟಡ, ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ. ಅದರೊಳಗೆ ಎರಡನೇ ಲಿಫ್ಟ್. ಅದೂ ಪುಕ್ಕಟೆ. ಅದರ ನೆತ್ತಿಯಲ್ಲಿ ಹೊರಬಂದರೆ ಗುಡ್ಡದ ಬಹುಪಾಲು ಮುಗಿದಿರುತ್ತದೆ, ಉಳಿದದ್ದು ಸ್ವಲ್ಪ ನಡಿಗೆ. ಅದೂ ಕಷ್ಟವೆನ್ನುವವರಿಗೆ ಫಿಗೇರಾ ಚೌಕದಿಂದ 737ನೇ ಪುಟ್ಟ ಬಸ್ಸು ಕೋಟೆಯ ಹತ್ತಿರಕ್ಕೇ ಬಿಡುತ್ತದೆ. ಮೂರನೇ ದಿನ ಚಿಕ್ಕಪ್ಪ ಕೋಟೆ ನೋಡಿದ್ದು ಆ ಬಸ್ಸಿನಲ್ಲಿ ಹೋಗಿ.

ಪಶ್ಚಿಮದ ಗುಡ್ಡಕ್ಕೆ, ಅಂದರೆ ಶಿಯಾದು ಕಡೆಗೆ, ಬೈಶಾ-ಶಿಯಾದು ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಸಾಕು. ಟಿಕೆಟ್ ಗೇಟಿನ ಹೊರಗೇ ಇರುವುದರಿಂದ ಕಾರ್ಡು ಬೇಕಿಲ್ಲ. ಅದೇ ಏರಿಗೆ 1902ರ ಸಾಂತಾ ಜುಶ್ತಾ ಎಂಬ 45 ಮೀಟರ್ ಎತ್ತರದ ಕಬ್ಬಿಣದ ಲಿಫ್ಟ್ ಇದೆ. ಕೆಳಗಿನಿಂದ ನೋಡಿ ಸಂತೋಷಪಡಿ, ಸಾಲು ನಿಲ್ಲಬೇಡಿ. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಎಂಬ ಹಳಿಯ ಇಳಿಜಾರು ಗಾಡಿ ದುರಂತಕ್ಕೀಡಾಗಿ 16 ಜನ ತೀರಿಕೊಂಡರು. ಆಮೇಲೆ ಅಂಥ ಗಾಡಿಗಳನ್ನು ತಪಾಸಣೆಗೆಂದು ನಿಲ್ಲಿಸಿದರು. ನಾನು ಯಾರ ಪಟ್ಟಿಯಲ್ಲೂ ಅವನ್ನು ಬರೆಯುವುದಿಲ್ಲ.

ಬೀದಿಬೀದಿಯಲ್ಲಿ ನಮ್ಮ ಆಟೊದಂಥ ಟುಕ್‌ಟುಕ್‌ಗಳಿವೆ. ಮೀಟರಿಲ್ಲ, ಅರ್ಧ ಗಂಟೆಗೂ ದೊಡ್ಡ ಮೊತ್ತ ಹೇಳುತ್ತಾರೆ. ಕಾಲು ತೀರಾ ಸೋತವರಿಗೆ ಮಾತ್ರ, ಅದೂ ದರ ಮೊದಲೇ ಮಾತಾಡಿಕೊಂಡು.

ಹಂತ 5: ಇಳಿಯುವುದು

28ರಲ್ಲಿ ಗ್ರಾಸಾಕ್ಕೆ ಹೋಗಿ ಇಳಿಯಿರಿ. ಐದು ನಿಮಿಷ ನಡೆದರೆ ಸೆನ್ಯೋರಾ ದು ಮೊಂತ್ ಎಂಬ ಕಟ್ಟೆ. ಪೈನ್ ಮರದ ನೆರಳು, ಕೆಳಗೆ ಇಡೀ ಊರು, ಆಚೆ ತೇಜು ನದಿ. ಇದು ಊರಿನ ಅತಿ ಎತ್ತರದ ನೋಟಗಳಲ್ಲೊಂದು. ಇಲ್ಲಿಂದ ಮುಂದೆ ದಿನವೆಲ್ಲ ಹೆಚ್ಚುಕಡಿಮೆ ಇಳಿಜಾರೇ: ಗ್ರಾಸಾ ಕಟ್ಟೆ, ಸಾವೊ ವಿಸೆಂತ್ ಮಠ, ಪೋರ್ತಾಶ್ ದು ಸೋಲ್, ಸಾಂತಾ ಲುಜಿಯಾ, ಸೆ ಎಂಬ ಹಳೆಯ ಇಗರ್ಜಿ, ಕೊನೆಗೆ ಬೈಶಾ. ಮಂಗಳವಾರ, ಶನಿವಾರವಾದರೆ ಮಠದ ಹಿಂದೆ ಹಳೆಯ ಸಾಮಾನಿನ ಸಂತೆ ಇರುತ್ತದೆ.

ಇಗರ್ಜಿ ಎಂದೆನಲ್ಲ, ಅದು ಅವರ ಮಾತೇ. ಕರಾವಳಿಯ ಕನ್ನಡಿಗರಿಗೆ ಇಲ್ಲಿ ಫಲಕ ಓದುವುದು ಸುಲಭ. ಚಾವಿ, ಬಾಲ್ದಿ, ಜನೇಲು, ಬಟಾಟೆ ಎಲ್ಲ ಪೋರ್ಚುಗೀಸರಿಂದ ಬಂದವು. ಬಟಾಟೆ ಎಂದು ಓದಿ ಚಿಕ್ಕಮ್ಮ ತಾವೇ ತರಕಾರಿ ಕೊಂಡರು.

ಬೈಶಾ ತಲುಪಿದ ಮೇಲೆ ಬೀದಿಗಳು ಥಟ್ಟನೆ ನೆಟ್ಟಗಾಗುತ್ತವೆ. 1755ರ ನವೆಂಬರ್ 1ರಂದು ಭೂಕಂಪ, ಸುನಾಮಿ, ಬೆಂಕಿ ಮೂರೂ ಸೇರಿ ಊರನ್ನು ನುಂಗಿದವು. ಮಾರ್ಕೆಶ್ ದ ಪೊಂಬಾಲ್ ಎಂಬ ಮಂತ್ರಿ ಇದನ್ನು ಚೌಕಾಕಾರದಲ್ಲಿ ಮತ್ತೆ ಕಟ್ಟಿಸಿದ. ನಡುಗಿದರೂ ಬೀಳದಿರಲೆಂದು ಗೋಡೆಯೊಳಗೆ ಮರದ ಪಂಜರ ಕೂರಿಸಿದರು. ಮಾಡು ಬಿದ್ದ ಕಾರ್ಮು ಮಠವನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ, ಕಮಾನುಗಳ ನಡುವೆ ಬರೀ ಆಕಾಶ. ದಯವಿಟ್ಟು ಅದನ್ನು ಬಿಡಬೇಡಿ.

ಹಂತ 6: ಊಟ

ಕುಳಿತ ಕೂಡಲೇ ಕೇಳದೆಯೇ ಬ್ರೆಡ್ಡು, ಆಲಿವ್, ಬೆಣ್ಣೆ ತಂದಿಡುತ್ತಾರೆ. ಅದು ಪುಕ್ಕಟೆಯಲ್ಲ. ಬೇಡವಾದರೆ ಮುಟ್ಟದೆ ವಾಪಸು ಕಳಿಸಿ, ಬಿಲ್ಲಿನಲ್ಲಿ ಬರಬಾರದು. ಸಸ್ಯಾಹಾರಿಗಳು ‘ಸೆಂ ಕಾರ್ನ್, ಸೆಂ ಪೆಯ್ಶ್’, ಅಂದರೆ ಮಾಂಸ ಬೇಡ, ಮೀನು ಬೇಡ ಎಂದು ಎರಡನ್ನೂ ಹೇಳಬೇಕು. ಕಾಲ್ದು ವೆರ್ದ್ ಎಂಬ ಹಸಿರು ಸೊಪ್ಪಿನ ಸಾರಿನಲ್ಲಿ ಹಂದಿ ಸಾಸೇಜಿನ ತುಂಡು ಬಿದ್ದಿರುತ್ತದೆ, ಕೇಳಿಯೇ ತಿನ್ನಿ. ನಾತಾ ಎಂಬ ಸಿಹಿಯಲ್ಲಿ ಮೊಟ್ಟೆಯ ಹಳದಿ ಇದೆ. ತಿನ್ನುವವರು ಬಿಸಿಬಿಸಿಯಾಗಿ ದಾಲ್ಚಿನ್ನಿ ಪುಡಿ ಉದುರಿಸಿ ತಿನ್ನಿ. ಅನ್ನ ಸಾರು ಬೇಕೆನಿಸಿದರೆ ಮಾರ್ತಿಂ ಮೊನೀಶ್ ಸುತ್ತ ನಮ್ಮ ದೇಶದವರ, ಬಾಂಗ್ಲಾದವರ ಅಂಗಡಿಗಳಿವೆ.

ಹಂತ 7: ಬೆಲೆಂ, ಆಮೇಲೆ ದೋಣಿ

ಬೆಲೆಂಗೆ ಎಲ್ಲರೂ 15ನೇ ಟ್ರಾಮಿನಲ್ಲಿ ತುರುಕಿಕೊಂಡು ಹೋಗುತ್ತಾರೆ. ಕೈಶ್ ದು ಸೊದ್ರೆಯಿಂದ ರೈಲು ಹಿಡಿಯಿರಿ, ಹತ್ತು ನಿಮಿಷವೂ ಬೇಡ. ಸೋಮವಾರ ಜೆರೋನಿಮುಶ್ ಮಠಕ್ಕೆ ರಜೆ. 1501ರಲ್ಲಿ ಶುರುವಾದ ಈ ಕಟ್ಟಡಕ್ಕೆ ಹಣ ಬಂದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲಿನ ಶೇ 5ರ ಸುಂಕದಿಂದ. ಅದರ ಹೆಸರಲ್ಲೇ ಮೆಣಸು ಇತ್ತು: ‘ವಿಂತೆನಾ ದ ಪಿಮೆಂತಾ’. ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದವರೂ ಇದೇ ಪೋರ್ಚುಗೀಸರು. ಚಿಕ್ಕಮ್ಮ ಕಲ್ಲಿನಲ್ಲಿ ಕೆತ್ತಿದ ಹಡಗಿನ ಹಗ್ಗದ ಮೇಲೆ ಕೈಯಿಟ್ಟು ತುಂಬ ಹೊತ್ತು ನಿಂತಿದ್ದರು. ‘ಒಂದೊಂದು ಕಾಳು ಆರಿಸಿ ಒಣಗಿಸಿದವರು ಇದನ್ನ ನೋಡಲೇ ಇಲ್ಲ’ ಎಂದರು. ಇಗರ್ಜಿಯೊಳಗೆ ವಾಸ್ಕೋ ಡ ಗಾಮನ ಸಮಾಧಿ ಇದೆ. ಸ್ವಲ್ಪ ದೂರದ ಚೌಕದಲ್ಲಿ ಎತ್ತರದ ಕಂಬದ ಮೇಲೆ ಅಲ್ಬುಕರ್ಕ್. 1510ರಲ್ಲಿ ಆತ ಗೋವೆ ಹಿಡಿದಾಗ ಜೊತೆಗಿದ್ದವನು ನಮ್ಮ ಹೊನ್ನಾವರದ ತಿಮ್ಮೋಜ.

ರಾತ್ರಿ ಅಲ್ಫಾಮಾದಲ್ಲಿ ಫಾದು ಎಂಬ ಅಲ್ಲಿನ ಹಾಡುಗಾರಿಕೆ ಕೇಳುವುದಾದರೆ ಹಾಡಿನ ನಡುವೆ ಮಾತು, ಚಮಚದ ಸದ್ದು ಎರಡೂ ಬೇಡ. ದೀಪ ಸಣ್ಣಗಾದರೆ ಊಟ ನಿಲ್ಲಿಸಬೇಕು.

ಕೊನೆಯ ಸಂಜೆ ಜ್ಯಾಪಿಂಗ್ ಕಾರ್ಡು ಹಿಡಿದು ಕೈಶ್ ದು ಸೊದ್ರೆಯಿಂದ ಕಸಿಲ್ಯಾಶ್ ದೋಣಿ ಹತ್ತಿ, ಹತ್ತು ನಿಮಿಷದ ದಾರಿ. ಎಡಕ್ಕಲ್ಲ, ಬಲಕ್ಕಲ್ಲ, ಹಿಂದೆ ನೋಡುವ ಸೀಟು ಹಿಡಿಯಿರಿ, ಗುಡ್ಡಗಳೆಲ್ಲ ಒಂದರ ಪಕ್ಕ ಒಂದು ಕಾಣುತ್ತವೆ. ಚಿಕ್ಕಪ್ಪ ಕಿಟಕಿಗೆ ಬೆರಳಿಟ್ಟು ತಾವು ಕುಳಿತ ಮೆಟ್ಟಿಲು ಎಲ್ಲಿರಬಹುದೆಂದು ಹುಡುಕುತ್ತಿದ್ದರು. ಮರಳುವಾಗಲೂ ಕಾರ್ಡು ಮುಟ್ಟಿಸಬೇಕು, ಬಾಕಿ ಎಷ್ಟಿದೆ ಎಂದು ಹತ್ತುವ ಮೊದಲೇ ನೋಡಿಕೊಳ್ಳಿ.