ಬೈಕಿನ ಕುತ್ತಿಗೆಯಲ್ಲಿ ಸವೆದ ತಂತಿ

ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿದಾಗ ಮಾತ್ರ ಫ್ಯೂಸ್ ಹೋಗುತ್ತಿತ್ತು. ನೇರ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಬೈಕು ನಿಲ್ಲಿಸಿ ಹ್ಯಾಂಡಲ್ ತಿರುಗಿಸಿದೊಡನೆ ಹೆಡ್‌ಲೈಟು, ಹಾರನ್ನು ಎರಡೂ ಸ್ತಬ್ಧ. ಮೂರು ಫ್ಯೂಸ್ ಸುಟ್ಟ ಮೇಲೆ ನಾಲ್ಕನೆಯದನ್ನು ಹಾಕದೆ ಟ್ಯಾಂಕ್ ಬಿಚ್ಚಿದೆ. ಇಂಥ ಹೊತ್ತಿನಲ್ಲಿ ಹೆಚ್ಚು ಆಂಪಿಯರ್‌ನ ಫ್ಯೂಸ್ ತುರುಕುವವರಿದ್ದಾರೆ. ಹಾಗೆ ಮಾಡಿದರೆ ಮುಂದಿನ ಸಲ ಸುಡುವುದು ಫ್ಯೂಸ್ ಅಲ್ಲ, ತಂತಿ.

ತಪ್ಪು ನನ್ನದೇ. ಹಿಂದೊಮ್ಮೆ ನೋಡಲು ಅಚ್ಚುಕಟ್ಟಾಗಿರಲೆಂದು ವೈರಿಂಗ್ ಕಟ್ಟನ್ನು ಸ್ಟೀರಿಂಗ್ ಕುತ್ತಿಗೆಯ ಬಳಿ ಕೇಬಲ್ ಟೈ ಹಾಕಿ ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ, ಬಿಗಿದಿದ್ದೆ. ಪ್ರತಿ ತಿರುವಿನಲ್ಲೂ ಕಟ್ಟು ಅಲ್ಲಿ ಎಳೆಸಿಕೊಂಡು ಕಬ್ಬಿಣದ ಅಂಚಿಗೆ ಉಜ್ಜಿದೆ. ಒಂದು ತಂತಿಯ ಹೊದಿಕೆ ಅಕ್ಕಿಕಾಳಿನಷ್ಟು ಅಗಲ ಸವೆದು, ಒಳಗಿನಿಂದ ಹಸಿರು ಕಿಲುಬು ಹಣಿಕುತ್ತಿತ್ತು. ಚಾಸಿಗೆ ಬ್ಯಾಟರಿಯ ನೆಗೆಟಿವ್ ಸೇರಿರುವುದರಿಂದ, ಆ ಬತ್ತಲೆ ತಾಮ್ರ ಅದನ್ನು ಮುಟ್ಟಿದಾಗಲೆಲ್ಲ ಶಾರ್ಟ್ ಆಗುತ್ತಿತ್ತು.

ಬ್ಯಾಟರಿಯ ನೆಗೆಟಿವ್ ಕಳಚಿ, ಸವೆದ ಜಾಗದಲ್ಲಿ ತಂತಿ ಕತ್ತರಿಸಿ ಹೊದಿಕೆ ಸುಲಿದೆ. ಎಳೆಗಳು ಇದ್ದಿಲಿನಂತೆ ಕಪ್ಪು. ಉಗುರಿನಿಂದ ಕೆರೆದರೂ ಹೊಳಪು ಬರಲಿಲ್ಲ. ಇನ್ನೊಂದು ಬೆರಳಗಲ ಹಿಂದೆ ಕತ್ತರಿಸಿದೆ, ಅಲ್ಲೂ ಕಪ್ಪೇ. ಸಣ್ಣ ಸಣ್ಣ ಎಳೆಗಳ ನಡುವಿನ ಸಂದಿನಲ್ಲಿ ನೀರು ದೀಪದ ಬತ್ತಿಗೆ ಎಣ್ಣೆ ಏರುವಂತೆ ಏರುತ್ತದೆ. ತೂತು ಒಂದು ಕಡೆ, ಕೊಳೆತ ಇನ್ನೊಂದು ಕಡೆ. ಆರನೆಯ ಸಲ ಕತ್ತರಿಸಿದಾಗ ಕೆಂಪು ತಾಮ್ರ ಮಿಂಚಿತು. ಅಲ್ಲಿಂದ ಅದೇ ದಪ್ಪದ ಹೊಸ ತುಂಡು ಜೋಡಿಸಿದೆ. ತಂತಿ ಕೊಳೆಯುವುದು ನೀರಿನಿಂದಲೇ ಆದರೂ ನೀರಿಗೆ ಬಾಗಿಲು ತೆರೆಯುವುದು ಉಜ್ಜಾಟ ಎಂದು ಅಂದಿನಿಂದ ನಂಬಿದ್ದೇನೆ. ಹಾಗಾಗಿ ಮೊದಲು ತಂತಿ ಸಾಗುವ ದಾರಿ ಸರಿಪಡಿಸುತ್ತೇನೆ, ನೀರು ತಡೆಯುವ ಗ್ರೀಸಿನ ಮಾತು ಆಮೇಲೆ.

ಜೋಡಣೆಗೆ ಬೆಸುಗೆಯನ್ನು ಬಿಟ್ಟು ಕ್ರಿಂಪ್, ಅಂದರೆ ತಂತಿಯ ತುದಿಗಳನ್ನು ಒಳಗಿಟ್ಟು ಇಕ್ಕಳದಿಂದ ಒತ್ತುವ ಲೋಹದ ಕೊಳವೆ, ಆರಿಸಿಕೊಂಡೆ. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ತಂತಿಯನ್ನು ಕಡ್ಡಿಯಂತೆ ಸೆಟೆಸುತ್ತದೆ. ಕಡ್ಡಿ ಮುಗಿದು ತಂತಿ ಶುರುವಾಗುವ ಗಡಿಯಲ್ಲಿ ಎಂಜಿನ್ನಿನ ಕಂಪನಕ್ಕೆ ಎಳೆಗಳು ಮುರಿಯುತ್ತವೆ. ಕ್ರಿಂಪ್ ಮೇಲೆ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ. ಬಿಸಿ ಮಾಡಿದಾಗ ಎರಡೂ ತುದಿಗಳಲ್ಲಿ ಅಂಟು ಉಂಗುರದಂತೆ ಉಕ್ಕಿ ಬಂದರೆ ಮಾತ್ರ ನೀರಿಗೆ ತಡೆ. ಕೊಳವೆಯನ್ನು ತಂತಿಗೆ ಮೊದಲೇ ಪೋಣಿಸಿಕೊಳ್ಳಬೇಕು ಎಂಬುದು ಪ್ರತಿ ಸಲವೂ ಕ್ರಿಂಪ್ ಒತ್ತಿದ ಮರುಕ್ಷಣವೇ ನನಗೆ ನೆನಪಾಗುವುದು.

ಕಟ್ಟನ್ನು ಮತ್ತೆ ಕೂರಿಸುವಾಗ ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಎಲ್ಲಿ ಬಿಗಿಯುತ್ತದೆ, ಎಲ್ಲಿ ಮಡಚುತ್ತದೆ ಎಂದು ಬೆರಳಿಟ್ಟು ನೋಡಿದೆ. ಕುತ್ತಿಗೆಯ ಬಳಿ ಸಡಿಲ ಬಿಟ್ಟೆ. ಟೈಗಳನ್ನು ಕಟ್ಟು ಒಳಗೆ ಜಾರುವಷ್ಟೇ ಬಿಗಿದೆ. ಹೊರಸುತ್ತಿಗೆ ವೈರಿಂಗ್ ಕಟ್ಟಿಗೆಂದೇ ಇರುವ ಬಟ್ಟೆಯ ಹಾರ್ನೆಸ್ ಟೇಪ್. ಸಾಮಾನ್ಯ ಪಿವಿಸಿ ಟೇಪಿನ ಗೋಂದು ಬಿಸಿಗೆ ಕರಗಿ, ಟೇಪ್ ಅಂಟುಅಂಟಾಗಿ ಕೊನೆಗೆ ತಾನೇ ಬಿಚ್ಚಿಕೊಳ್ಳುತ್ತದೆ.

ಹೆಡ್‌ಲೈಟ್ ಬೆಳಗಿತು, ಆದರೆ ಮಂಕು. ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬಲ್ಬಿನ ಅರ್ಥ್ ಪಿನ್ನಿಗೂ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಕಡೆ) ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಇಟ್ಟೆ: 1.4 ವೋಲ್ಟ್. ಅರ್ಥ್ ದಾರಿಯಲ್ಲಿ 0.2 ವೋಲ್ಟ್‌ಗಿಂತ ಹೆಚ್ಚು ನಷ್ಟವಾಗಬಾರದು. 55 ವ್ಯಾಟ್ ಬಲ್ಬು ನಾಲ್ಕೂವರೆ ಆಂಪಿಯರ್ ಎಳೆಯುವುದರಿಂದ, ಓಮ್‌ನ ಮೂರನೇ ಒಂದಂಶದಷ್ಟು ರೋಧವೂ ಬೆಳಕನ್ನು ಇಷ್ಟು ತಿಂದುಬಿಡುತ್ತದೆ. ಅರ್ಥ್ ಬೋಲ್ಟ್ ಬಿಚ್ಚಿದರೆ ರಿಂಗಿನ ಕೆಳಗೆ ಅರ್ಧ ಬಣ್ಣ, ಅರ್ಧ ತುಕ್ಕು. ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿಂದ ಗ್ರೀಸ್ ಬಳಿದೆ. ಮತ್ತೆ ಅಳೆದಾಗ 0.08.

ಕನೆಕ್ಟರುಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್. ಅದು ವಿದ್ಯುತ್ ಹರಿಸುವುದಿಲ್ಲ, ಹಾಗಿರುವಾಗ ಪಿನ್ನಿಗೆ ಹಚ್ಚಬಹುದೇ ಎಂದು ನಾನೂ ಅನುಮಾನಪಟ್ಟಿದ್ದೆ. ಪಿನ್ನುಗಳು ಒಂದಕ್ಕೊಂದು ಒತ್ತಿದ ಕಡೆ ಗ್ರೀಸ್ ಸರಿದುಹೋಗುತ್ತದೆ. ಸುತ್ತಲಿನ ಸಂದಿಯಲ್ಲಿ ಉಳಿದು ನೀರನ್ನು ಹೊರಗಿಡುತ್ತದೆ. ಆದರೆ ಕಿಲುಬಿನ ಮೇಲೆ ಬಳಿದರೆ ಪ್ರಯೋಜನವಿಲ್ಲ, ಮೊದಲು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಬೇಕು. ವಿನೆಗರ್ ವಾಸನೆಯ ಸಿಲಿಕೋನ್ ಸೀಲಂಟನ್ನಂತೂ ತಂತಿಯ ಹತ್ತಿರ ತರಬೇಡಿ. ಗಟ್ಟಿಯಾಗುವಾಗ ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಒಂದು ಇಂಡಿಕೇಟರ್ ಕನೆಕ್ಟರನ್ನು ನಾನು ಹಾಗೆ 'ಕಾಪಾಡಿ' ಕಳೆದುಕೊಂಡಿದ್ದೇನೆ.

ಈಗ ಪ್ರತಿ ಕನೆಕ್ಟರಿಗೂ ಬರುವ ತಂತಿ ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರುತ್ತದೆ, ನೀರಿನ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕಲಿ ಎಂದು. ಒತ್ತಡದ ನೀರಿನ ಪೈಪನ್ನು ಹೆಡ್‌ಲೈಟಿನ ಹಿಂಬದಿಗೂ ಸ್ವಿಚ್ಚುಗಳಿಗೂ ಹಿಡಿಯುವುದನ್ನು ಬಿಟ್ಟಿದ್ದೇನೆ. ಮಳೆಗಾಲ ಮುಗಿದ ಮೇಲೆ ಹೆಡ್‌ಲೈಟ್ ಬಿಚ್ಚಿ ನೋಡಿದೆ: ಪಿನ್ನುಗಳು ಹಳದಿಯಾಗಿಯೇ ಹೊಳೆಯುತ್ತಿದ್ದವು. ಹಿಂದಿನ ಮಡ್‌ಗಾರ್ಡಿನ ಕೆಳಗಿರುವ ಟೇಲ್‌ಲೈಟ್ ಕನೆಕ್ಟರ್ ಮಾತ್ರ ಕೆಸರಿನಲ್ಲಿ ಹೂತುಹೋಗಿತ್ತು. ಅದನ್ನು ಸೀಟಿನ ಕೆಳಗೆ ಸಾಗಿಸುವುದು ಈ ಭಾನುವಾರದ ಕೆಲಸ.