ಕುಡಿಯದವರ ಜೊತೆ ವೈನ್ ಊರಿಗೆ ಹೋಗಿದ್ದು: ಬೋನ್‌ನಲ್ಲಿ ಎರಡು ದಿನ

ನಾನು ಕೆಲಸ ಮಾಡೋದು ಫ್ರಾನ್ಸ್‌ನ ಲಿಯೋನ್‌ನಲ್ಲಿ. ಜೂನ್ ತಿಂಗಳಲ್ಲಿ ಅಪ್ಪ, ಅವ್ವ ಬಂದಿದ್ದರು. ಅಪ್ಪನದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ತೋಟ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಸಿ, ಮುಂದಿನ ಕೆಲಸ ತಮ್ಮನ ಕೈಗೆ ಒಪ್ಪಿಸಿ ಬಂದವನು. ದಿನಾ ರಾತ್ರಿ ಫೋನ್ ಮಾಡಿ ಬೋರ್‌ನಲ್ಲಿ ನೀರು ಎಷ್ಟು ಬರ್ತಿದೆ ಅಂತ ಕೇಳುವುದು ಮಾತ್ರ ಬಿಟ್ಟಿರಲಿಲ್ಲ. ಪ್ಯಾರಿಸ್ ತೋರಿಸಿದೆ, ಐಫೆಲ್ ಗೋಪುರ ತೋರಿಸಿದೆ. ಚೆನ್ನಾಗಿದೆ ಅಂದ, ಅಷ್ಟೇ. ಆಗ ನನಗೆ ಹೊಳೆದಿದ್ದು ಬೋನ್.

ಬರ್ಗಂಡಿ ಪ್ರದೇಶದ ಸಣ್ಣ ಊರು ಅದು. ಜನಸಂಖ್ಯೆ 20 ಸಾವಿರದ ಆಸುಪಾಸು. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ.

ಹೇಳಿದ ತಕ್ಷಣ ಅವ್ವ ಬೇಡ ಅಂದಳು. "ಕುಡ್ಯಾವರ ಊರಿಗೆ ನಾವ್ಯಾಕ ಹೋಗೂದವ್ವಾ?" ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ, ನಾನೂ ಇಲ್ಲ. ಆದರೆ ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ಅಲ್ಲಿಗೆ ಹೋದಾಗ ಉಳಿದವರೆಲ್ಲ ರುಚಿ ನೋಡುತ್ತಾ ಕೂತಿದ್ದ ಹೊತ್ತಲ್ಲಿ ನಾನೊಬ್ಬಳೇ ಊರು ಸುತ್ತಿದ್ದೆ. ಆ ಊರಿನ ಒಳ್ಳೆಯ ಭಾಗ ಬಾಟಲಿಯಲ್ಲಿಲ್ಲ, ಆಸ್ಪತ್ರೆಯಲ್ಲಿ ಮತ್ತು ಹೊಲದಲ್ಲಿದೆ ಅಂತ ನನಗೆ ಅವತ್ತೇ ಅನ್ನಿಸಿತ್ತು. ಅದನ್ನೇ ಅವ್ವನಿಗೆ ಹೇಳಿ ಒಪ್ಪಿಸಿದೆ. ನಾವು ಹೇಗೆ ನೋಡಿದೆವು ಅಂತ ಬರೀತಿದ್ದೀನಿ. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಅನುಕೂಲ ಆಗಬಹುದು.

ಲಿಯೋನ್‌ನಿಂದ ಡಿಜೋನ್ ಕಡೆ ಹೋಗುವ ಪ್ರಾದೇಶಿಕ ರೈಲು ಬೋನ್‌ನಲ್ಲಿ ನಿಲ್ಲುತ್ತೆ. ಎರಡು ಗಂಟೆಯೊಳಗೆ ತಲುಪಬಹುದು. ಪ್ಯಾರಿಸ್‌ನಿಂದ ಬರುವವರು ಟಿಜಿವಿ ಅನ್ನೋ ವೇಗದ ರೈಲು ಹಿಡಿದು ಡಿಜೋನ್‌ಗೆ ಬನ್ನಿ, ಸುಮಾರು ಒಂದೂವರೆ ಗಂಟೆ. ಅಲ್ಲಿಂದ ಬೋನ್ ಅರ್ಧ ಗಂಟೆಯೂ ಇಲ್ಲ. ಸ್ಟೇಷನ್‌ನಿಂದ ಹಳೇ ಊರಿಗೆ ನಡೆದೇ ಹೋಗಬಹುದು. ಕಾರು ಬೇಡ. ಹಳೇ ಊರಿನ ಸುತ್ತ ಕೋಟೆ ಗೋಡೆ ಇದೆ, ಒಳಗಿನ ರಸ್ತೆಗಳು ಇಕ್ಕಟ್ಟು, ಕಾರು ತಂದರೆ ನಿಲ್ಲಿಸೋದೇ ಒಂದು ಕೆಲಸ ಆಗುತ್ತೆ.

ನಾವು ಹೋಗಿದ್ದು ಶನಿವಾರ ಬೆಳಿಗ್ಗೆ. ಅದು ಬೇಕಂತಲೇ. ಶನಿವಾರ ಆಸ್ಪತ್ರೆಯ ಎದುರಿನ ಚೌಕದಲ್ಲಿ ದೊಡ್ಡ ಸಂತೆ. ಚೆರ್ರಿ ಹಣ್ಣಿನ ಕಾಲ ಬೇರೆ. ಅವ್ವ ಹೋದವಳೇ ಚೆರ್ರಿ ರಾಶಿಗೆ ಕೈ ಹಾಕಿ ಒಂದೊಂದೇ ಆರಿಸಲು ಶುರು ಮಾಡಿದಳು. ಅಲ್ಲಿ ಹಾಗೆ ಮಾಡುವ ಹಾಗಿಲ್ಲ, ಮಾರುವವರೇ ಆರಿಸಿ ಕೊಡ್ತಾರೆ. ಇನ್ನೊಂದು ಮಾತು: ಏನು ಕೇಳುವುದಿದ್ದರೂ ಮೊದಲು "ಬೊಂಜೂರ್" ಅನ್ನಿ. ಅದನ್ನು ಹೇಳದೆ ನೇರ ರೇಟು ಕೇಳಿದರೆ ಮುಖ ಗಂಟಾಗುತ್ತೆ. ಅವ್ವ ಎರಡನೇ ಅಂಗಡಿಯಿಂದ ಎಲ್ಲರಿಗೂ "ಬೊಂಜೂರ" ಅಂದಳು, ಮೂರನೇ ಅಂಗಡಿಯಾಕೆ ಒಂದು ಹಿಡಿ ಚೆರ್ರಿ ಜಾಸ್ತಿ ಹಾಕಿಕೊಟ್ಟಳು.

ಈಗ ಆಸ್ಪತ್ರೆ. ಓತೆಲ್ ದ್ಯೂ ಅಂತ ಕರೀತಾರೆ. ಬೀದಿಯಿಂದ ನೋಡಿದರೆ ಏನೂ ಅನ್ನಿಸಲ್ಲ. ಉದ್ದನೆಯ ಕಲ್ಲಿನ ಗೋಡೆ, ಕಪ್ಪು ಹಲಗೆಗಲ್ಲಿನ ಸೂರು. ಟಿಕೆಟ್ ತಗೊಂಡು ಒಳ ಅಂಗಳಕ್ಕೆ ಕಾಲಿಟ್ಟು ತಲೆ ಎತ್ತಿ ನೋಡಬೇಕು. ಹಳದಿ, ಹಸಿರು, ಕೆಂಪು, ಕಂದು ಬಣ್ಣದ ಹೊಳೆಯುವ ಹೆಂಚು. ಒಂದರ ಪಕ್ಕ ಒಂದು ಹೊಂದಿಸಿ ಸೂರಿನ ತುಂಬಾ ಚೌಕುಳಿ ಬಿಡಿಸಿದ್ದಾರೆ. ಅವ್ವ ನಿಂತಲ್ಲೇ ನಿಂತಳು. "ಇಳಕಲ್ ಸೀರಿ ಹಾಸಿಧಂಗ ಐತಿ" ಅಂದಳು.

ಇದನ್ನು 1443ರಲ್ಲಿ ಕಟ್ಟಿಸಲು ಶುರು ಮಾಡಿದ್ದು ನಿಕೊಲಾ ರೊಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲಾಂ. ಅವನು ಬರ್ಗಂಡಿಯ ದೊರೆಯ ಮಂತ್ರಿ. ಆಗ ಯುದ್ಧ, ಬರ, ರೋಗ ಎಲ್ಲ ಸೇರಿ ಜನ ಕಂಗೆಟ್ಟಿದ್ದರು. ಬಡವರಿಗೆ ಪುಕ್ಕಟೆ ಚಿಕಿತ್ಸೆ ಸಿಗಲಿ ಅಂತ ಕಟ್ಟಿಸಿದ್ದು. 1452ರ ಜನವರಿ 1ಕ್ಕೆ ಮೊದಲ ರೋಗಿ ಒಳಗೆ ಬಂದ. 1971ರವರೆಗೂ ಇಲ್ಲಿ ರೋಗಿಗಳು ಇದ್ದರು. ಅಂದರೆ 500 ವರ್ಷಕ್ಕೂ ಜಾಸ್ತಿ ನಡೆದ ಆಸ್ಪತ್ರೆ ಇದು.

ಒಳಗಿನ ದೊಡ್ಡ ಹಾಲ್‌ಗೆ "ಬಡವರ ಕೋಣೆ" ಅಂತಲೇ ಹೆಸರು. ಎರಡೂ ಗೋಡೆಗೆ ಸಾಲಾಗಿ ಮರದ ಮಂಚ, ಪ್ರತಿ ಮಂಚಕ್ಕೂ ಕೆಂಪು ಪರದೆ, ಕೆಂಪು ಹೊದಿಕೆ. ಮೇಲೆ ನೋಡಿದರೆ ತಿರುಗಿಸಿಟ್ಟ ಹಡಗಿನ ತಳದ ಹಾಗೆ ಮರದ ಚಾವಣಿ. ತೊಲೆಗಳ ತುದಿಯಲ್ಲಿ ಬಾಯಿ ತೆರೆದ ಬಣ್ಣದ ಪ್ರಾಣಿಗಳ ಮುಖ. ಹಾಲ್‌ನ ತುದಿಯಲ್ಲಿ ಪ್ರಾರ್ಥನಾ ಮಂದಿರ, ಮಲಗಿದಲ್ಲಿಂದಲೇ ಪೂಜೆ ಕಾಣಲಿ ಅಂತ. ಅವ್ವ ನಮ್ಮ ಅಜ್ಜಿಯನ್ನು ನಾಲ್ಕು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವಳು. ಅವಳು ನೋಡಿದ್ದು ಚಾವಣಿಯನ್ನಲ್ಲ, ಮಂಚದ ಎತ್ತರ. ಪಕ್ಕದಲ್ಲಿಟ್ಟ ತಂಬಿಗೆ, ತಟ್ಟೆ. ಪರದೆ ಯಾವ ಕಡೆಯಿಂದ ಎಳೀತಾರೆ ಅನ್ನೋದು. "ಹಿಂದಿನಿಂದ ಹೋಗಾಕೂ ದಾರಿ ಬಿಟ್ಟಾರ ನೋಡು" ಅಂತ ತೋರಿಸಿದಳು. ಹೌದು, ಮಂಚಕ್ಕೂ ಗೋಡೆಗೂ ನಡುವೆ ಸಂದು ಇದೆ. ಹೋದ ಸಲ ನಾನದನ್ನು ಗಮನಿಸಿಯೇ ಇರಲಿಲ್ಲ.

ನೆಲದ ಹಾಸು ನೋಡಲು ಮರೆಯಬೇಡಿ. ಬಿಲ್ಲೆಗಳ ಮೇಲೆ ಎನ್ ಮತ್ತು ಜಿ ಅಕ್ಷರ ಹೆಣೆದುಕೊಂಡಿವೆ. ಗಂಡನ ಹೆಸರು, ಹೆಂಡತಿ ಹೆಸರು. ಜೊತೆಗೆ ಒಂದು ಪದ, "ಸ್ಯೂಲ್", ಪಕ್ಕದಲ್ಲಿ ಒಂದು ನಕ್ಷತ್ರ. "ನೀನೊಬ್ಬಳೇ ನನ್ನ ನಕ್ಷತ್ರ" ಅಂತ ಅದರರ್ಥ. ಗಂಡ ತೀರಿದ ಮೇಲೆ ಗಿಗೋನ್ ಈ ಆಸ್ಪತ್ರೆಯಲ್ಲೇ ಉಳಿದು ಸೇವೆ ಮಾಡಿದಳು. ಅವಳ ಸಮಾಧಿಯೂ ಇಲ್ಲೇ. ಇದನ್ನು ಹೇಳಿದಾಗ ಅವ್ವ ಚಪ್ಪಲಿ ಬಿಟ್ಟು ಬರಲಾ ಅಂತ ಕೇಳಿದಳು.

ಕೊನೆಗೆ ಒಂದು ಕತ್ತಲೆ ಕೋಣೆಯಲ್ಲಿ ರೋಹಿಯರ್ ವಾನ್ ಡರ್ ವೈಡನ್ ಬರೆದ "ಕೊನೆಯ ತೀರ್ಪು" ಚಿತ್ರ ಇದೆ. ಮಧ್ಯದಲ್ಲಿ ದೇವದೂತ ತಕ್ಕಡಿ ಹಿಡಿದು ನಿಂತಿದ್ದಾನೆ. ಪಾಪದ ತಟ್ಟೆ ಕೆಳಗೆ, ಪುಣ್ಯದ ತಟ್ಟೆ ಮೇಲೆ. ಚಿತ್ರದ ಮುಂದೆ ಒಂದು ದೊಡ್ಡ ಭೂತಗನ್ನಡಿ ಅತ್ತಿತ್ತ ಸರಿಯುತ್ತೆ, ಅದರಲ್ಲಿ ಹುಲ್ಲಿನ ಎಸಳು, ಕಣ್ಣೀರ ಹನಿ ಕೂಡ ಕಾಣುತ್ತೆ. ನರಕದ ಕಡೆ ದೆವ್ವಗಳೇ ಇಲ್ಲ, ಜನ ತಾವೇ ಬೀಳ್ತಿದ್ದಾರೆ. ಅಪ್ಪ ಅಲ್ಲಿ ತುಂಬಾ ಹೊತ್ತು ನಿಂತ. ನಿಮಗೂ ಕಾಲು ಗಂಟೆ ಇರಲಿ, ಗಡಿಬಿಡಿ ಮಾಡಬೇಡಿ.

ಆಸ್ಪತ್ರೆ ನಡೆದಿದ್ದು ಹೇಗೆ ಅನ್ನೋದು ಅಪ್ಪನ ಪ್ರಶ್ನೆ. ಉತ್ತರ ದ್ರಾಕ್ಷಿ. ನಮ್ಮಲ್ಲಿ ಮಠಕ್ಕೆ ಹೊಲ ಬರೆದುಕೊಡ್ತಾರಲ್ವಾ, ಹಾಗೆ ಇಲ್ಲಿ ಜನ ಶತಮಾನಗಳಿಂದ ಆಸ್ಪತ್ರೆಗೆ ದ್ರಾಕ್ಷಿ ತೋಟ ಕೊಡುತ್ತಾ ಬಂದಿದ್ದಾರೆ. ಈಗ ಅದಕ್ಕೆ ಸುಮಾರು 60 ಹೆಕ್ಟೇರ್ ತೋಟ ಇದೆ. 1859ರಿಂದ ಅದರ ವೈನನ್ನು ಹರಾಜು ಹಾಕ್ತಾರೆ, ನವೆಂಬರ್‌ನ ಮೂರನೇ ಭಾನುವಾರ. ಆ ದುಡ್ಡು ಇವತ್ತಿಗೂ ಊರಿನ ಹೊಸ ಆಸ್ಪತ್ರೆಗೆ, ದಾನಧರ್ಮಕ್ಕೆ ಹೋಗುತ್ತೆ. ಆ ವಾರ ಊರಲ್ಲಿ ಕಾಲಿಡಲು ಜಾಗ ಇರಲ್ಲ, ವಯಸ್ಸಾದವರ ಜೊತೆ ಹೋಗುವುದಾದರೆ ನವೆಂಬರ್ ಬೇಡ.

ಹೊರಗೆ ಬಂದಾಗ ಎರಡೂಕಾಲು. ಇಲ್ಲೊಂದು ತಪ್ಪು ಮಾಡಿದೆ. ಹೋಟೆಲುಗಳ ಅಡುಗೆಮನೆ ಎರಡಕ್ಕೆಲ್ಲ ಮುಚ್ಚುತ್ತೆ, ಮತ್ತೆ ತೆರೆಯೋದು ಏಳಕ್ಕೆ. ಗೊತ್ತಿದ್ದೂ ಮೈಮರೆತಿದ್ದೆ. ಮೂರು ಕಡೆ ಕೇಳಿದೆ, ಮೂರೂ ಕಡೆ ಇಲ್ಲ ಅಂದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ನನಗೆ ಕೈಕಾಲು ಆಡಲಿಲ್ಲ. ಅವ್ವ ಬ್ಯಾಗಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ಬೇಕರಿಯಿಂದ ಬ್ರೆಡ್, ಸಂತೆಯಿಂದ ತಂದಿದ್ದ ಟೊಮೆಟೊ, ಚೆರ್ರಿ. ಬುಜೇಜ್ ಅನ್ನೋ ಪಾರ್ಕ್‌ಗೆ ನಡೆದು ಕೊಳದ ದಂಡೆಯಲ್ಲಿ ಬಾತುಕೋಳಿ ನೋಡುತ್ತಾ ಉಂಡೆವು. ಸಸ್ಯಾಹಾರಿಗಳು ಊಟದ ವ್ಯವಸ್ಥೆ ಜೊತೆಗೇ ಇಟ್ಟುಕೊಳ್ಳಿ, ಇಲ್ಲಿನ ಅಡುಗೆಯಲ್ಲಿ ದನದ ಮಾಂಸ ಮತ್ತು ವೈನ್ ಎರಡೂ ಜಾಸ್ತಿ.

ಸಂಜೆ ಕೋಟೆ ಗೋಡೆಯ ಪಕ್ಕ ಒಂದು ಸುತ್ತು ಹಾಕಿದೆವು. ನೋತ್ರ್ ದಾಮ್ ಚರ್ಚ್ ನೋಡಿದೆವು. ಮೋಂಜ್ ಚೌಕದಲ್ಲಿ ಗಾಸ್ಪಾರ್ ಮೋಂಜ್ ಪ್ರತಿಮೆ ಇದೆ. 1746ರಲ್ಲಿ ಇದೇ ಊರಲ್ಲಿ ಹುಟ್ಟಿದವನು. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಾವು ರಾತ್ರಿ ಕೂತು ಎಳೆದ ಪ್ರೊಜೆಕ್ಷನ್ ಡ್ರಾಯಿಂಗ್‌ಗೆ ಮೂಲ ಅವನ ಗಣಿತ. ಅವನಿಗೊಂದು ನಮಸ್ಕಾರ ಹಾಕಿದೆ.

ಸಾಸಿವೆ ಮಿಲ್ಲಿಗೂ ಹೋಗಿದ್ದೆವು. ಫಾಲೋ ಅಂತ, 1840ರಿಂದ ನಡೆಯುತ್ತಿರುವ ಮಿಲ್ಲು, ಈಗಲೂ ಬೀಸೋದು ಕಲ್ಲಿನಲ್ಲಿ. ಒಳಗೆ ನಿಂತರೆ ಮೂಗು ಕಣ್ಣು ಎರಡೂ ಉರಿಯುತ್ತೆ. ವೈನ್ ಮುಟ್ಟದವರಿಗೆ ಒಂದು ವಿಷಯ: "ಬರ್ಗಂಡಿ ಸಾಸಿವೆ" ಅಂತ ಬರೆದ ಬಾಟಲಿಯಲ್ಲಿ ಬಿಳಿ ವೈನ್ ಇರುತ್ತೆ. ಬೇಡವಾದರೆ ವಿನೆಗರ್ ಹಾಕಿದ್ದು ಕೇಳಿ ತಗೊಳ್ಳಿ.

ಮರುದಿನ ಅಪ್ಪನ ದಿನ.

ಬೋನ್‌ನಿಂದ ದಕ್ಷಿಣಕ್ಕೆ ತೋಟಗಳ ನಡುವೆ ಒಂದು ಸೈಕಲ್ ದಾರಿ ಇದೆ, ಪೊಮ್ಮಾರ್, ವೊಲ್ನೆ, ಮೊರ್ಸೊ ಹಳ್ಳಿಗಳನ್ನು ದಾಟಿ ಸಾಂತ್ನೆವರೆಗೆ ಸುಮಾರು 22 ಕಿಲೋಮೀಟರ್. ನಾವು ಪೊಮ್ಮಾರ್‌ವರೆಗೆ ಮಾತ್ರ ನಡೆದೆವು, 4 ಕಿಲೋಮೀಟರ್ ಇರಬಹುದು. ವಾಪಸ್ ಬರಲು ಟ್ಯಾಕ್ಸಿ ಹಿಂದಿನ ರಾತ್ರಿಯೇ ಹೇಳಿಟ್ಟಿದ್ದೆ, ಭಾನುವಾರ ಅಲ್ಲೇ ಹುಡುಕುತ್ತೀನಿ ಅಂದರೆ ಸಿಗೋದು ಕಷ್ಟ. ನೆರಳು ಇಲ್ಲ, ಬೆಳಿಗ್ಗೆ ಎಂಟಕ್ಕೇ ಹೊರಡಿ.

ಅಪ್ಪ ಮೊದಲು ಕೇಳಿದ್ದು: "ಚಪ್ಪರ ಎಲ್ಲೈತಿ?" ಇಲ್ಲಿ ಚಪ್ಪರವೇ ಇಲ್ಲ. ಬಳ್ಳಿ ಎದೆಮಟ್ಟ ಕೂಡ ಬರಲ್ಲ. ಸಾಲಿನಿಂದ ಸಾಲಿಗೆ ಒಂದು ಮೀಟರ್, ಬಳ್ಳಿಯಿಂದ ಬಳ್ಳಿಗೂ ಒಂದು ಮೀಟರ್. ಎಕರೆಗೆ ಲೆಕ್ಕ ಹಾಕಿದರೆ 4,000 ಬಳ್ಳಿ. ನಮ್ಮಲ್ಲಿ ಎಕರೆಗೆ ಸಾವಿರದ ಆಸುಪಾಸು. ಎರಡನೇ ಪ್ರಶ್ನೆ: "ಡ್ರಿಪ್ ಪೈಪ ಕಾಣವಲ್ದಲ್ಲ?" ಬೆಳೆದ ಬಳ್ಳಿಗೆ ನೀರು ಬಿಡುವ ಪದ್ಧತಿ ಇಲ್ಲಿಲ್ಲ, ಮಳೆ ನೀರೇ ಅಂದೆ. ಅಪ್ಪ ಮಾತಾಡಲಿಲ್ಲ. ಬೋರ್ ಕೊರೆಸಿ ಸಾಲ ಮಾಡಿದವನಿಗೆ ಆ ಮಾತು ಹೇಗೆ ಕೇಳಿಸಿರಬೇಕು ಅಂತ ನನಗೆ ಆಮೇಲೆ ಅನ್ನಿಸಿತು. ಸ್ವಲ್ಪ ದೂರ ಹೋದ ಮೇಲೆ ನಾನೇ ಹೇಳಿದೆ, ಇಲ್ಲೂ ಸುಖ ಇಲ್ಲ ಅಪ್ಪಾ, 2021ರ ಏಪ್ರಿಲ್‌ನಲ್ಲಿ ಚಿಗುರೆಲ್ಲ ಹಿಮಕ್ಕೆ ಸುಟ್ಟುಹೋಯ್ತು, ರಾತ್ರಿಯೆಲ್ಲ ಸಾಲುಗಳ ನಡುವೆ ಮೇಣದ ಡಬ್ಬಿ ಹಚ್ಚಿ ಕಾಯ್ದರೂ ತುಂಬಾ ತೋಟ ಉಳಿಯಲಿಲ್ಲ ಅಂತ. "ಪಾಪ" ಅಂದ. ನಮ್ಮಲ್ಲಿ ಆಲಿಕಲ್ಲು ಬಿದ್ದ ವರ್ಷ ಅವನು ಎರಡು ದಿನ ತೋಟಕ್ಕೇ ಹೋಗಿರಲಿಲ್ಲ.

ಒಂದು ಬಳ್ಳಿಯ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಎಲೆ ಸರಿಸಿ ನೋಡಿದ. ಹೂ ಉದುರಿ ಕಾಯಿ ಕಟ್ಟುತ್ತಿದ್ದವು, ಸಾಸಿವೆ ಕಾಳಿನಷ್ಟು. ಎಲೆ ಮೇಲೆ ನೀಲಿ-ಹಸಿರು ಕಲೆ. ಬೆರಳಿನಿಂದ ಒರೆಸಿ, "ಮೈಲುತುತ್ತ ಹೊಡದಾರ" ಅಂದ. ನಮ್ಮೂರ ಬೋರ್ಡೋ ದ್ರಾವಣವೇ. ಬೋರ್ಡೋ ಅನ್ನೋದು ಇದೇ ದೇಶದ ಇನ್ನೊಂದು ವೈನ್ ಊರು, 1885ರ ಸುಮಾರಿಗೆ ದ್ರಾಕ್ಷಿಗೆ ಬರುವ ಡೌನಿ ಅನ್ನೋ ಬೂಜು ರೋಗಕ್ಕೆ ಸುಣ್ಣ-ಮೈಲುತುತ್ತದ ಈ ದ್ರಾವಣ ಕಂಡುಹಿಡಿದಿದ್ದು ಅಲ್ಲೇ ಅಂತ ಹೇಳಿದೆ. ನಲವತ್ತು ವರ್ಷ ಅದನ್ನು ಹೊಡೆದವನು, ಅದು ಊರಿನ ಹೆಸರು ಅಂತ ಅವತ್ತು ತಿಳಿದುಕೊಂಡ. ಆಮೇಲೆ ಬುಡದಲ್ಲಿ ಗಂಟು ತೋರಿಸಿದ. "ಕಸಿ." ಹೌದು, 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರಿನ ಹುಳ ಇಲ್ಲಿನ ತೋಟಗಳನ್ನು ತಿಂದು ಹಾಕಿದ ಮೇಲೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಲು ಶುರು ಮಾಡಿದರು. ನಮ್ಮಲ್ಲಿ ಕಸಿಗೆ ಬಳಸುವ ಡಾಗ್ರಿಜ್ ಅನ್ನೋ ಬೇರೂ ಅಮೆರಿಕದ್ದೇ, ನಾವು ಕಟ್ಟೋದು ಉಪ್ಪು ನೀರು ಮತ್ತು ಬರ ತಡೆಯಲಿ ಅಂತ.

ಆಗ ಟ್ರ್ಯಾಕ್ಟರ್ ಬಂತು. ಭಾನುವಾರವೂ ಯಾರೋ ಕೆಲಸ ಮಾಡುತ್ತಿದ್ದರು. ಉದ್ದನೆಯ ನಾಲ್ಕು ಕಾಲು, ಚಕ್ರಗಳು ಎರಡು ಸಂದಿನಲ್ಲಿ, ದ್ರಾಕ್ಷಿ ಸಾಲು ಹೊಟ್ಟೆಯ ಕೆಳಗೆ. ಸಾಲಿನ ಮೇಲೆಯೇ ನಡೆದುಕೊಂಡು ಬರುತ್ತೆ. ಅಪ್ಪ ಎದ್ದು ನಿಂತು ಕೈ ಎತ್ತಿದ, ಓಡಿಸುವವನೂ ಎತ್ತಿದ. ಸಾಲಿನ ಕೊನೆಗೆ ಬಂದು ಎಂಜಿನ್ ಆರಿಸಿ ಇಳಿದ. ಹತ್ತು ನಿಮಿಷ ಇಬ್ಬರೂ ನನ್ನ ಮೂಲಕ ಮಾತಾಡಿದರು: ಬಳ್ಳಿಗೆ ಎಷ್ಟು ಗೊನೆ ಬಿಡ್ತೀರಿ, ಕೂಲಿಯವರು ಸಿಗ್ತಾರಾ, ಮಗ ತೋಟಕ್ಕೆ ಬರ್ತಾನಾ. ಅಪ್ಪ ಮೊಬೈಲಿನಲ್ಲಿ ನಮ್ಮ ಚಪ್ಪರ, ಮಣೂಕ (ಒಣದ್ರಾಕ್ಷಿ) ಒಣಗಿಸುವ ಶೆಡ್ಡು ತೋರಿಸಿದ. ವರ್ಷಕ್ಕೆ ಎರಡು ಸಲ ಚಾಟ್ನಿ ಅಂದಾಗ ಆತ ನಂಬಲಿಲ್ಲ. ಇಲ್ಲಿ ಚಳಿಗಾಲದಲ್ಲಿ ಬಳ್ಳಿ ಮಲಗುತ್ತೆ, ಚಾಟ್ನಿ ಒಂದೇ ಸಲ. ನಮ್ಮ ಬಳ್ಳಿಗೆ ಮಲಗುವ ಕಾಲವೇ ಇಲ್ಲ ಅಂತ ಅಪ್ಪ ಹೇಳಿದ್ದನ್ನು ಫ್ರೆಂಚ್‌ಗೆ ತರಲು ನನಗೆ ಸ್ವಲ್ಪ ಹೊತ್ತು ಬೇಕಾಯ್ತು.

ಈ ಇಳಿಜಾರಿನಲ್ಲಿ ಪ್ರತಿ ತುಂಡು ಹೊಲಕ್ಕೂ ಹೆಸರಿದೆ. ಅದಕ್ಕೆ "ಕ್ಲಿಮಾ" ಅಂತಾರೆ, ಒಟ್ಟು 1,247. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಪೊಮ್ಮಾರ್ ಗಡಿಯ ಹತ್ತಿರದ ಒಂದು ತುಂಡಿಗೆ "ಕ್ಲೋ ದೆ ಮೂಶ್" ಅಂತ ಹೆಸರು. ಮೂಶ್ ಅಂದರೆ ನೊಣ, ಆದರೆ ಇಲ್ಲಿ ಹೇಳೋದು ಜೇನುನೊಣ. ಅಪ್ಪನಿಗೆ ಇದರಲ್ಲಿ ಏನೂ ಆಶ್ಚರ್ಯ ಕಾಣಲಿಲ್ಲ. "ನಮ್ಮಲ್ಲೂ ಹುಣಸಿಗಿಡದ ಹೊಲ, ಹಳ್ಳದ ಹೊಲ, ಎರಿ ಹೊಲ ಅಂತೀವಲ್ಲ" ಅಂದ.

ಮಧ್ಯಾಹ್ನ ಊರಲ್ಲಿ ಒಂದು ನೆಲಮಾಳಿಗೆ ನೋಡಿದೆವು. ಕುಡಿಯಲ್ಲ, ನೋಡಬಹುದಾ ಅಂತ ಮೊದಲೇ ಕೇಳಿದ್ದೆ, ಸಂತೋಷದಿಂದ ಬಿಟ್ಟರು. ಒಳಗೆ ತಣ್ಣಗಿರುತ್ತೆ, ಶಾಲು ಇಟ್ಟುಕೊಳ್ಳಿ. ರುಚಿ ನೋಡುವವರೂ ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳ್ತಾರೆ, ಅದೇ ಅಲ್ಲಿನ ಪದ್ಧತಿ. ಹಾಗಾಗಿ ಕುಡಿಯದವರನ್ನು ಯಾರೂ ವಿಚಿತ್ರವಾಗಿ ನೋಡಲ್ಲ.

ಅಪ್ಪನಿಗೆ ಒಂದು ಕಡ್ಡಿ ಊರಿಗೆ ಒಯ್ಯಬೇಕು ಅಂತ ತುಂಬಾ ಆಸೆ ಇತ್ತು. ಗಿಡ, ಮಣ್ಣು ಪರವಾನಗಿ ಇಲ್ಲದೆ ಒಯ್ಯುವ ಹಾಗಿಲ್ಲ, ಹುಳ ರೋಗ ಬರುತ್ತೆ ಅಂತ ಹೇಳಿದೆ. ರೋಗ ಅಂದಮೇಲೆ ಮತ್ತೆ ಕೇಳಲಿಲ್ಲ. ಕಸಿ ಗಂಟಿನ ಪಕ್ಕ ತನ್ನ ಹೆಬ್ಬೆರಳು ಇಟ್ಟು ಫೋಟೋ ತೆಗೆಸಿಕೊಂಡ, ದಪ್ಪ ಎಷ್ಟು ಅಂತ ತಮ್ಮನಿಗೆ ಗೊತ್ತಾಗಲಿ ಅಂತ. ರೈಲಿನಲ್ಲಿ ಕೂತ ಕೂಡಲೇ ಅದನ್ನು ಕಳಿಸಿ ಫೋನ್ ಹಚ್ಚಿದ. ಆ ಸಲ ಬೋರ್ ನೀರಿನ ವಿಷಯ ಎರಡನೆಯದಾಗಿ ಕೇಳಿದ.