ಡ್ರೋನ್ ಬಿದ್ದ ಮೇಲೆ ಚಿತ್ರ ಹೋದರೆ

ಗದಗದ ಎರೆ ಹೊಲದಲ್ಲಿ ರೇಸಿಂಗ್ ಡ್ರೋನ್ ಬಿದ್ದರೆ ಕನೆಕ್ಟರ್‌ಗಳಿಗೆಲ್ಲ ಮಣ್ಣು ಮೆತ್ತಿರುತ್ತದೆ. ಬ್ಯಾಟರಿ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಪೂರ್ತಿ ಒಣಗಿಸಿ. ಆಂಟೆನಾ ಇಲ್ಲದೆ ವಿಟಿಎಕ್ಸ್‌ಗೆ (ಕ್ಯಾಮೆರಾದ ಚಿತ್ರವನ್ನು ರೇಡಿಯೊ ಮೂಲಕ ಕಳಿಸುವ ಬೋರ್ಡ್) ಕರೆಂಟ್ ಕೊಡಲೇಬೇಡಿ. ಒಳಗಿನ ಆಂಪ್ಲಿಫೈಯರ್ ಸುಟ್ಟೀತು.

ಅನಲಾಗ್ (ಡಿಜಿಟಲ್ ಅಲ್ಲದ) ಸೆಟ್ಟಾದರೆ, ಆ ಚಿತ್ರ ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ಗಾಗಲ್ಸ್‌ನ ಪರದೆಯೇ ಅರ್ಧ ರೋಗ ಹೇಳುತ್ತದೆ. ಕಪ್ಪು ಪರದೆಯ ಮೇಲೆ ಬ್ಯಾಟರಿಯ ಅಂಕಿ ಕಂಡರೆ ವಿಟಿಎಕ್ಸ್ ಬದುಕಿದೆ. ಕ್ಯಾಮೆರಾ, ಅದರ ವೈರ್ ನೋಡಿ. ಬರೀ ಚುಕ್ಕಿಗಳು ಕುಣಿಯುತ್ತಿದ್ದರೆ ಮೊದಲು ಚಾನೆಲ್ ನೋಡಿ, ಆಮೇಲೆ ಪವರ್ ಪ್ಯಾಡ್‌ನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಅಳೆಯಿರಿ. ಹತ್ತಿರ ಚೆನ್ನಾಗಿದ್ದು 20 ಮೀಟರ್ ದಾಟಿದೊಡನೆ ಚಿತ್ರ ಒಡೆದರೆ ಆಂಟೆನಾ ಕನೆಕ್ಟರ್ ಮೇಲೇ ಅನುಮಾನ, ಯು.ಎಫ್‌ಎಲ್ ಎಂಬ ಆ ಪುಟ್ಟ ಒತ್ತುಗುಂಡಿಯಂಥ ಕನೆಕ್ಟರ್ ತೀರಾ ನಾಜೂಕು. ಬೇರೆ ಆಂಟೆನಾ ಹಾಕಿದರೂ ಹಾಗೇ ಇದ್ದರೆ ವಿಟಿಎಕ್ಸ್ ಬೋರ್ಡನ್ನೇ ಬದಲಿಸಿ.

ಕೊಳ್ಳುವಾಗ ಸ್ಕ್ರೂ ರಂಧ್ರಗಳ ಅಂತರ (20 ಅಥವಾ 30.5 ಮಿ.ಮೀ.), ಇನ್‌ಪುಟ್ ವೋಲ್ಟೇಜ್ ಎರಡೂ ಹೊಂದಬೇಕು. 5 ವೋಲ್ಟ್‌ನದಕ್ಕೆ ನೇರ ಬ್ಯಾಟರಿ ಕೊಟ್ಟರೆ ಹೊಗೆಯೇ ಗತಿ. ಪವರ್, ಗ್ರೌಂಡ್, ವಿಡಿಯೊ, ಸ್ಮಾರ್ಟ್‌ಆಡಿಯೊ (ಚಾನೆಲ್, ಪವರ್ ಬದಲಿಸುವ ಆದೇಶ ಒಯ್ಯುವ) ವೈರ್‌ಗಳನ್ನು ಸುಮಾರು 350 ಡಿಗ್ರಿಯಲ್ಲಿ ಬೆಸೆಯಿರಿ. ಡ್ರೋನ್ ಹಾರಾಟ ನಿಯಂತ್ರಿಸುವ ತಂತ್ರಾಂಶ ಬೀಟಾಫ್ಲೈಟ್‌ನಲ್ಲಿ ಆ ಮಾದರಿಯ ವಿಟಿಎಕ್ಸ್ ಟೇಬಲ್ (ಚಾನೆಲ್, ಪವರ್‌ಗಳ ಪಟ್ಟಿ) ತುಂಬಿ. ಮೊದಲ ಪರೀಕ್ಷೆ 25 ಮಿಲಿವ್ಯಾಟ್‌ನಲ್ಲಿ, ಫ್ಯಾನ್ ಗಾಳಿಗೆ ಇಟ್ಟೇ ಆಗಲಿ. ನಮ್ಮ ಏಪ್ರಿಲ್ ಧಗೆಯಲ್ಲಿ ಗಾಳಿಯಿಲ್ಲದೆ ಅದು ಬೇಗ ಕಾಯುತ್ತದೆ.